ಗೋಳಗುಮ್ಮಟ ನಮ್ಮ ಗುರುತೋ, ಬರೀ ಫಲಕದ ಚಿತ್ರವೋ?

ಗಾಂಧಿ ಚೌಕದ ಓದುಗ

ನಮ್ಮ ಬಡಾವಣೆಗೆ ಒಂದು ಸ್ವಾಗತ ಕಮಾನು ಕಟ್ಟಿಸಬೇಕೆಂದು ನಿವಾಸಿಗಳ ಸಂಘ ತೀರ್ಮಾನಿಸಿದೆ. ಹಣ ಕೂಡಿದೆ, ಜಾಗವೂ ಗೊತ್ತಾಗಿದೆ. ತಕರಾರು ಹುಟ್ಟಿರುವುದು ಕಮಾನಿನ ಮೇಲೆ ಏನಿರಬೇಕು ಎಂಬುದರಲ್ಲಿ. ಅರ್ಧ ಜನ ಗೋಳಗುಮ್ಮಟ ಇರಲಿ ಎನ್ನುತ್ತಾರೆ, ವಿಜಯಪುರ ಎಂದರೆ ಅದೇ ತಾನೇ ಎಂಬುದು ಅವರ ವಾದ. ಉಳಿದರ್ಧ ಜನ ಸಿದ್ಧೇಶ್ವರ ಗುಡಿಯ ಶಿಖರ ಬೇಕು, ಇಲ್ಲವಾದರೆ ಬಸವಣ್ಣನವರ ಮೂರ್ತಿ ಬೇಕು ಎಂದು ಪಟ್ಟು ಹಿಡಿದಿದ್ದಾರೆ. ಕೊನೆಗೆ ಹಿರಿಯರೊಬ್ಬರು ಎದ್ದು ನಿಂತು, "ಸುಲ್ತಾನನೊಬ್ಬನ ಗೋರಿಯನ್ನು ಮನೆಬಾಗಿಲಿಗೆ ಏಕೆ ತರುತ್ತೀರಿ?" ಎಂದು ಕೇಳಿದರು. ಯಾರ ಬಳಿಯೂ ಉತ್ತರವಿರಲಿಲ್ಲ. ಚಹಾ ಕುಡಿದು ಎದ್ದೆವು.

ಆ ಪ್ರಶ್ನೆ ಮಾತ್ರ ತಲೆಯಿಂದ ಇಳಿಯುತ್ತಿಲ್ಲ. ನಮ್ಮ ರೈಲಿನ ಹೆಸರು ಗೋಲಗುಂಬಜ್ ಎಕ್ಸ್‌ಪ್ರೆಸ್. ಲಾಡ್ಜು, ಖಾನಾವಳಿ, ಟ್ಯೂಷನ್ ಕ್ಲಾಸು, ಎಲ್ಲದರ ಫಲಕದಲ್ಲೂ ಗುಮ್ಮಟ. 1949ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಆದರೆ ಊರಿನವರಾದ ನಾವು ಹೊರಗಿನ ನೆಂಟರು ಬಂದಾಗಲ್ಲದೆ ಅದರೊಳಗೆ ಕಾಲಿಡುವುದಿಲ್ಲ. ಹೋದರೂ ಮೇಲೇರಿ, ಗಂಟಲು ಹರಿಯುವಂತೆ ಕೂಗಿ, ಇಳಿದು ಬರುತ್ತೇವೆ. ಊರಿನ ಕಟ್ಟಡಗಳು ಜನರ ಸಂಸ್ಕೃತಿಯನ್ನು ರೂಪಿಸುತ್ತವೆ ಎಂದು ಎಲ್ಲರೂ ಬರೆಯುತ್ತಾರೆ. ನಮ್ಮ ಊರಿನ ಮಟ್ಟಿಗೆ ಇದು ನಿಜವೇ? ಬಲ್ಲವರು ಹೇಳಬೇಕು.

ಶಹಾಪುರ ಅಗಸಿ

ಗುಮ್ಮಟ ಕೂಡಿಸಿದರೂ ಅದು ಫೈಬರಿನದು, ಶಿಖರ ಕೂಡಿಸಿದರೂ ಅದು ಫೈಬರಿನದು. ಎರಡು ಬೇಸಿಗೆ ಕಳೆಯುವುದರೊಳಗೆ ಎರಡರ ಬಣ್ಣವೂ ಹೋಗಿ ಸರ್ವಧರ್ಮ ಸಮನ್ವಯವಾಗುತ್ತದೆ. ಜಗಳ ಬಿಡಿ.

ನಿವೃತ್ತ ಮಾಸ್ತರ

ಹಿರಿಯರ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಬಾರದು. ಗೋಳಗುಮ್ಮಟ ಮೊಹಮ್ಮದ್ ಆದಿಲ್ ಶಾಹನ ಗೋರಿ ಎಂಬುದು ನಿಜ. ಅವನು 1627ರಿಂದ 1656ರವರೆಗೆ ಆಳಿದ. ಅವನ ಪಕ್ಕದಲ್ಲಿ ಅವನ ಮನೆಯವರ ಗೋರಿಗಳಿವೆ, ರಂಭಾ ಎಂಬ ನರ್ತಕಿಯದ್ದೂ ಇದೆ ಎನ್ನುತ್ತಾರೆ. ಒಬ್ಬ ಅರಸನ ಸಾವಿಗಾಗಿ ಕಟ್ಟಿದ ಮನೆ ಒಂದು ಇಡೀ ಊರಿನ ಬದುಕಿನ ಗುರುತು ಹೇಗಾದೀತು ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಆದರೆ ಈ ಊರನ್ನು ಒಬ್ಬರ ಕಾಲದ್ದು ಎಂದುಕೊಂಡರೆ ಮಾತ್ರ ಆ ಪ್ರಶ್ನೆಗೆ ಬಲ. ಊರಿನ ಒಳಕೋಟೆಯಾದ ಅರಕಿಲ್ಲೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ಸಿಕ್ಕಿವೆ. ಆದಿಲ್ ಶಾಹಿಗಳು ಬಂದದ್ದು 1490ರಲ್ಲಿ, ಹೋದದ್ದು 1686ರಲ್ಲಿ ಔರಂಗಜೇಬ ಊರನ್ನು ಗೆದ್ದಾಗ. ನಡುವೆ ಸುಮಾರು ಇನ್ನೂರು ವರ್ಷ. ಆ ಇನ್ನೂರು ವರ್ಷದಲ್ಲಿ ಇಲ್ಲಿ ಇದ್ದವರು ಅರಸರಷ್ಟೇ ಅಲ್ಲವಲ್ಲ. ಕಲ್ಲು ಹೊತ್ತವರು, ಸುಣ್ಣ ಸುಟ್ಟವರು, ಲೆಕ್ಕ ಬರೆದ ಕುಲಕರ್ಣಿಗಳು ಇದ್ದರು. ಒಂದನೆಯ ಇಬ್ರಾಹಿಮನು ಕಂದಾಯದ ಲೆಕ್ಕವನ್ನು ಫಾರ್ಸಿಯಿಂದ ತೆಗೆದು ಈ ನೆಲದ ಭಾಷೆಗೆ ತಂದ. ಅರಮನೆಯ ಲೆಕ್ಕದ ಪುಸ್ತಕ ಊರಿನ ಜನರ ಕೈಗೆ ಬಂದದ್ದು ಹೀಗೆ.

ಇನ್ನು ಎರಡನೆಯ ಇಬ್ರಾಹಿಮ್. ಇವನು 1580ರಿಂದ 1627ರವರೆಗೆ ಪಟ್ಟದಲ್ಲಿದ್ದವನು. ಜನ ಇವನನ್ನು ಜಗದ್ಗುರು ಬಾದಶಹಾ ಎಂದು ಕರೆದರು. ಇವನು ದಖ್ಖನಿ ಉರ್ದುವಿನಲ್ಲಿ ರಚಿಸಿದ ಹಾಡುಗಳ ಸಂಗ್ರಹ 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿಯ ಸ್ತುತಿ ಇದೆ, ಗಣಪತಿಯ ಸ್ತುತಿ ಇದೆ, ಪ್ರತಿ ಹಾಡಿಗೂ ರಾಗದ ಹೆಸರಿದೆ. ಸಂಗೀತಗಾರರಿಗಾಗಿಯೇ ಊರಿನ ಪಶ್ಚಿಮಕ್ಕೆ ತೊರವಿಯ ಹತ್ತಿರ 1599ರಲ್ಲಿ ನವರಸಪುರ ಎಂಬ ಹೊಸ ಪಟ್ಟಣ ಕಟ್ಟಲು ಹೊರಟ. ಆ ಪಟ್ಟಣ ಉಳಿಯಲಿಲ್ಲ. ಮುರಿದ ಗೋಡೆಗಳು, ಸಂಗೀತ ಮಹಲಿನ ಕಮಾನುಗಳು ಉಳಿದಿವೆ. ತೊರವಿ ಎಂದರೆ ಕನ್ನಡಿಗರಿಗೆ ಇನ್ನೊಂದು ನೆನಪು, ಕುಮಾರ ವಾಲ್ಮೀಕಿಯ ತೊರವೆ ರಾಮಾಯಣ. ನರಸಿಂಹನ ಸನ್ನಿಧಿಯಲ್ಲಿ ಕನ್ನಡದಲ್ಲಿ ರಾಮಾಯಣ ಹಾಡಿದ ಊರಿನ ಮಗ್ಗುಲಿಗೇ ದಖ್ಖನಿಯಲ್ಲಿ ಸರಸ್ವತಿಯನ್ನು ಹಾಡಿದ ಅರಸ ತನ್ನ ಪಟ್ಟಣ ಕಟ್ಟಿದ. ಕಮಾನಿನ ಮೇಲೆ ಇದನ್ನೆಲ್ಲ ಕೂಡಿಸಲು ಬರುವುದಿಲ್ಲ, ಅದೇ ತೊಂದರೆ.

ನೇರ ಮಾತು

ಮಾಸ್ತರರೇ, ಒಳ್ಳೆಯದನ್ನಷ್ಟೇ ಆರಿಸಿ ಹೇಳಿದಿರಿ. ಅರಕಿಲ್ಲೆಯ ಕರೀಮುದ್ದೀನ್ ಮಸೀದಿಯ ಕಂಬಗಳು ಎಲ್ಲಿಂದ ಬಂದವು ಎಂಬುದನ್ನೂ ಹೇಳಬೇಕಿತ್ತು. ಗುಡಿಯ ಕಲ್ಲು ಅವು. ಅದನ್ನು ಮುಚ್ಚಿಟ್ಟು ಸಾಮರಸ್ಯದ ಭಾಷಣ ಮಾಡಿದರೆ ನಂಬುವುದು ಹೇಗೆ?

ನಿವೃತ್ತ ಮಾಸ್ತರ

ಮುಚ್ಚಿಡುವ ಉದ್ದೇಶವಿಲ್ಲ, ಮುಚ್ಚಿಡಲು ಬರುವುದೂ ಇಲ್ಲ. ಅಲ್ಲಿಗೆ ಹೋದವರಿಗೆಲ್ಲ ಕಂಬಗಳು ಕಾಣುತ್ತವೆ. ಆ ಮಸೀದಿ ಆದಿಲ್ ಶಾಹಿಗಳಿಗಿಂತ ಹಳೆಯದು, 1320ರದು, ಖಿಲ್ಜಿಗಳ ದಂಡು ದಕ್ಷಿಣಕ್ಕೆ ಬಂದ ಕಾಲದ್ದು. ಕಂಬಗಳು ಗುಡಿಯವೇ. ಅಲ್ಲಿಯ ಶಾಸನದಲ್ಲಿ ಕಟ್ಟಡ ಕಟ್ಟಿದ ಸಾಲೋಟಗಿಯ ಕುಶಲಕರ್ಮಿಯ ಹೆಸರೂ ಇದೆ. ಸಾಲೋಟಗಿ ಎಂದರೆ ರಾಷ್ಟ್ರಕೂಟರ ಕಾಲದಲ್ಲಿ ವಿದ್ಯಾರ್ಥಿಗಳಿಗೆ 27 ವಸತಿಗೃಹಗಳಿದ್ದ ವಿದ್ಯಾಕೇಂದ್ರ. ಗುಡಿ ಹೋದದ್ದೂ ಈ ಊರಿನ ಚರಿತ್ರೆ, ಆ ಕಂಬಗಳನ್ನು ಎತ್ತಿ ನಿಲ್ಲಿಸಿದ ಕೈ ನಮ್ಮ ಜಿಲ್ಲೆಯದು ಎಂಬುದೂ ಈ ಊರಿನ ಚರಿತ್ರೆ. ನೀವು ಒಂದನ್ನು ಓದಿ ಎನ್ನುತ್ತೀರಿ, ಸರಿ. ಎರಡನ್ನೂ ಓದೋಣ.

ವೇದಿಕೆಯ ನಿರ್ವಾಹಕ

ಈ ಎಳೆಯ ಕೆಳಗೆ ಬಂದ ಒಂಬತ್ತು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಕಟ್ಟಡಗಳ ಬಗ್ಗೆ ಜಗಳಾಡಿ, ಅಡ್ಡಿಯಿಲ್ಲ. ಒಬ್ಬರು ಇನ್ನೊಬ್ಬರ ತಂದೆ ತಾಯಿಗಳನ್ನು ಎಳೆದು ತಂದರೆ ಎಳೆಯನ್ನೇ ಮುಚ್ಚಬೇಕಾಗುತ್ತದೆ.

ಗೌಂಡಿ ಮನೆತನ

ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಗೌಂಡಿ ಕೆಲಸ. ನಾನು ಈಗ ಆರ್‌ಸಿಸಿ ಗುತ್ತಿಗೆ ಮಾಡುತ್ತೇನೆ, ಹೊಟ್ಟೆಪಾಡು. ಆದರೆ ಈ ಚರ್ಚೆ ಓದಿ ನನಗೆ ಸಿಟ್ಟು ಬಂದಿದೆ. ಕಮಾನಿನ ಮೇಲೆ ಏನಿರಬೇಕು ಎಂದು ಹೊಡೆದಾಡುತ್ತಿದ್ದೀರಿ. ಕಮಾನೇ ಸುಳ್ಳು ಎಂಬುದು ಯಾರಿಗೂ ಕಾಣಲಿಲ್ಲವೇ?

ಓದುಗ ಅಣ್ಣಾವರೇ, ನಿಮ್ಮ ಸಂಘ ಕಟ್ಟಿಸುವುದು ಏನೆಂದು ನನಗೆ ಗೊತ್ತು, ಅಂಥವನ್ನು ನಾನೇ ಕಟ್ಟಿಕೊಟ್ಟಿದ್ದೇನೆ. ಎರಡು ಕಾಂಕ್ರೀಟ್ ಕಂಬ, ಮೇಲೊಂದು ಅಡ್ಡ ತೊಲೆ, ತೊಲೆಯ ಕೆಳಗೆ ಕಮಾನಿನ ಆಕಾರ ಬರುವಂತೆ ಜಾಳಿಗೆ ಕಟ್ಟಿ ಸಿಮೆಂಟ್ ಗಿಲಾವು. ಭಾರ ಹೊರುವುದು ತೊಲೆಯೊಳಗಿನ ಕಬ್ಬಿಣ. ಕಮಾನು ಅಲ್ಲಿ ವೇಷ ಹಾಕಿಕೊಂಡು ನಿಂತಿರುತ್ತದೆ, ಅಷ್ಟೆ.

ಈ ಊರಿನಲ್ಲಿ ನಿಜವಾದ ಕಮಾನು ಎಂದರೆ ಏನು ಎಂದು ನೋಡಬೇಕಾದರೆ ಬಾರಾ ಕಮಾನಿಗೆ ಹೋಗಿ. ಎರಡನೆಯ ಅಲಿ ಆದಿಲ್ ಶಾಹನ ಗೋರಿ ಅದು, ಮುಗಿಯಲೇ ಇಲ್ಲ. ಮುಗಿಯದೇ ಉಳಿದದ್ದು ನಮ್ಮಂಥವರ ಪುಣ್ಯ. ಮುಗಿದ ಕಟ್ಟಡದಲ್ಲಿ ಮುಚ್ಚಿಹೋಗುವ ಕೆಲಸವೆಲ್ಲ ಅಲ್ಲಿ ಬಯಲಿಗೆ ಬಿದ್ದಿದೆ. ಮೇಲೆ ಚಾವಣಿಯಿಲ್ಲ, ಕಬ್ಬಿಣದ ಸರಳಿಲ್ಲ. ಒಂದು ಕಲ್ಲು ಇನ್ನೊಂದರ ಮೇಲೆ ಒರಗಿ, ಎರಡೂ ಕಡೆಯಿಂದ ಬಂದ ಸಾಲು ನೆತ್ತಿಯಲ್ಲಿ ಕೂಡಿ, ಭಾರವನ್ನು ಪಕ್ಕಕ್ಕೆ ತಳ್ಳಿ ನೆಲಕ್ಕೆ ಇಳಿಸುತ್ತದೆ. ಮುನ್ನೂರೈವತ್ತು ವರ್ಷದಿಂದ ಹಾಗೆಯೇ ನಿಂತಿವೆ.

ಗೋಳಗುಮ್ಮಟದಲ್ಲಿ ನಮ್ಮವರು ಕೂಗುವುದನ್ನು ಬಿಟ್ಟು ಒಮ್ಮೆ ಕೆಳಗೆ ನಡುಮನೆಯಲ್ಲಿ ನಿಂತು ತಲೆ ಎತ್ತಬೇಕು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು. ಚೌಕದ ಮೇಲೆ ದುಂಡನ್ನು ಕೂಡಿಸುವುದು ಹೇಗೆ? ಎಂಟು ದೊಡ್ಡ ಕಮಾನುಗಳನ್ನು ಒಂದನ್ನೊಂದು ಹಾಯುವಂತೆ ಹೆಣೆದಿದ್ದಾರೆ. ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟರೆ ಮೂಲೆಗಳು ತುಂಬಿ ನಡುವೆ ಎಂಟು ಮೂಲೆಯ ಜಾಗ ಉಳಿಯುತ್ತದಲ್ಲ, ಅದೇ ಲೆಕ್ಕ. ಆ ಹೆಣಿಗೆ ಒಳಗಡೆ ಬಾಗಿ ತೂಗುತ್ತದೆ. ಗುಮ್ಮಟ ಗೋಡೆಗಳನ್ನು ಹೊರಕ್ಕೆ ಒದೆಯುತ್ತಿದ್ದರೆ, ಒಳಗೆ ಬಾಗಿದ ಈ ಭಾರ ಅದನ್ನು ಹಿಡಿದು ನಿಲ್ಲಿಸುತ್ತದೆ. ನೀವು ನಿಂತು ಕೂಗುವ ಮೊಗಸಾಲೆ ಈ ಬಾಗಿನ ಮೇಲೆಯೇ ಇದೆ. ಪಿಸುಮಾತು ಎದುರು ಬದಿಗೆ ಕೇಳುವುದು ಗುಮ್ಮಟದ ಗುಂಡನೆಯ ಆಕಾರದಿಂದ ತಾನಾಗಿ ಬಂದದ್ದು. ನಿಜವಾದ ಚಮತ್ಕಾರ ಕಾಲ ಕೆಳಗಿದೆ. ಯಾರೂ ಅದನ್ನು ನೋಡುವುದಿಲ್ಲ.

ನನ್ನನ್ನು ಕೇಳಿದರೆ ಕಮಾನಿನ ಮೇಲೆ ಏನೂ ಬೇಡ. ಊರಿನ ಕಪ್ಪು ಕಲ್ಲಿನಲ್ಲಿ ಒಂದು ಸಣ್ಣ, ನಿಜವಾದ ಕಮಾನು ಕಟ್ಟಿಸಿ. ಅದಕ್ಕಿಂತ ದೊಡ್ಡ ವಿಜಯಪುರ ಇಲ್ಲ.

ಗಾಂಧಿ ಚೌಕದ ಓದುಗ

ಅಣ್ಣಾವರೇ, ನಿಜವಾದ ಕಲ್ಲಿನ ಕಮಾನು ಕಟ್ಟುವವರು ಈಗ ಸಿಗುತ್ತಾರೆಯೇ?

ಗೌಂಡಿ ಮನೆತನ

ಸಿಗುತ್ತಾರೆ, ಕಡಿಮೆ. ಸ್ಮಾರಕಗಳ ದುರಸ್ತಿಯಲ್ಲಿ ಸುಣ್ಣದ ಗಚ್ಚು ಅರೆದು ಕೆಲಸ ಮಾಡಿದ ಹಳಬರು ಇದ್ದಾರೆ. ಸುಣ್ಣವನ್ನು ನೀರಿನಲ್ಲಿ ದಿನಗಟ್ಟಲೆ ನೆನೆಹಾಕಬೇಕು, ಗಾಣದಲ್ಲಿ ಅರೆಯಬೇಕು, ಬೆಲ್ಲದ ನೀರು ಕೂಡಿಸಬೇಕು, ಹಚ್ಚಿದ ಮೇಲೆ ವಾರಗಟ್ಟಲೆ ತೇವ ಆರಗೊಡಬಾರದು. ಈಗಿನ ಮಾಲೀಕರಿಗೆ ಚೌತಿಯೊಳಗೆ ಮುಗಿದು ಉದ್ಘಾಟನೆ ಆಗಬೇಕು. ಅಲ್ಲಿಗೆ ಕಥೆ ಮುಗಿಯಿತು.

ಇನ್ನೊಂದು ಮಾತು. ಮೆಹತರ್ ಮಹಲ್ ಎಂಬುದು ಹೆಸರಿಗೆ ಮಹಲು, ನಿಜಕ್ಕೂ ಒಂದು ಮಸೀದಿಯ ದ್ವಾರ. ಅದರ ಮುಂಚಾಚಿದ ಕಿಟಕಿಯನ್ನು ಹೊತ್ತ ಆಸರೆಗಳನ್ನು ಹತ್ತಿರದಿಂದ ನೋಡಿ. ಹಕ್ಕಿಗಳ ಸಾಲು, ಬಳ್ಳಿ, ಬೆರಳು ತೂರಿಸುವಷ್ಟು ತೆಳುವಾದ ಕೊರೆತ. ಬಡಗಿ ಮರದಲ್ಲಿ ಮಾಡುವ ಕೆಲಸವನ್ನು ಕಲ್ಲಿನಲ್ಲಿ ಮಾಡಿದ್ದಾರೆ. ನನ್ನ ಅಜ್ಜ ಮನೆ ಕಟ್ಟುವಾಗ ಮಾಡಿನ ಕೆಳಗೆ ಮರದ ಆಸರೆ ಕೊರೆಯುತ್ತಿದ್ದದ್ದೂ ಅದೇ ನಮೂನೆಯಲ್ಲಿ. ಅವರು ಮೆಹತರ್ ಮಹಲ್ ನೋಡಿ ಕಲಿತರೋ, ಮೆಹತರ್ ಮಹಲ್ ಕಟ್ಟಿದವರು ಇಂಥ ಬಡಗಿಗಳಿಂದ ಕಲಿತರೋ, ಹೇಳುವವರು ಯಾರು?

ಸಿಂದಗಿ ಕಡೆಯವನು

ಬೆಂಗಳೂರಿನಲ್ಲಿ ನನ್ನ ಊರು ಯಾವುದು ಎಂದರೆ ಗೋಳಗುಮ್ಮಟದ ಕಡೆ ಎನ್ನುತ್ತೇನೆ. ಸಿಂದಗಿ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಹಳ್ಳಿಯಲ್ಲಿ ಒಂದು ಗುಮ್ಮಟವೂ ಇಲ್ಲ. ಆದರೆ ಮೊಹರಂನಲ್ಲಿ ಅಲಾಯಿ ದೇವರು ಕೂಡಿಸುವುದು ಹಿಂದೂಗಳ ಮನೆಯ ಮುಂದೆಯೇ, ಕರ್ಬಲದ ಕಥೆಯ ರಿವಾಯತ್ ಪದ ಹಾಡುವುದು ಲಿಂಗಾಯತರ ಹುಡುಗರೇ. ಅರಮನೆಯಲ್ಲಿ ಬಾದಶಹಾ ಏನು ಹಾಡಿದನೋ ನಮಗೆ ಗೊತ್ತಿಲ್ಲ, ಹಳ್ಳಿಯಲ್ಲಿ ಕರ್ಬಲದ ಕಥೆ ಕನ್ನಡದಲ್ಲಿ ಉಳಿಯಿತು. ಇದಕ್ಕೆ ಕಟ್ಟಡ ಬೇಕಾಗಲಿಲ್ಲ.

ತೊರವಿಯವಳು

ಎಲ್ಲರೂ ಗುಮ್ಮಟದ ಬಗ್ಗೆ ಬರೆಯುತ್ತಿದ್ದೀರಿ. ಊರನ್ನು ಊರಾಗಿ ಮಾಡಿದ್ದು ನೀರು, ಅದರ ಬಗ್ಗೆ ಯಾರೂ ಬಾಯಿಬಿಡುತ್ತಿಲ್ಲ.

ವಿಜಯಪುರದ ನೆಲದಲ್ಲಿ ನೀರಿಗೆ ಬರ ಎಂಬುದು ಎಲ್ಲರಿಗೂ ಗೊತ್ತು. ದೊಡ್ಡ ಹೊಳೆಯೂ ಹತ್ತಿರವಿಲ್ಲ. ಅಂಥ ಜಾಗದಲ್ಲಿ ಒಂದು ರಾಜಧಾನಿಯನ್ನು ಹೇಗೆ ನಡೆಸಿದರು? ನಮ್ಮ ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದರು. 1651ರಲ್ಲಿ ಮೊಹಮ್ಮದ್ ಆದಿಲ್ ಶಾಹ ಊರಿನ ದಕ್ಷಿಣಕ್ಕೆ ಬೇಗಂ ತಲಾಬ ಕಟ್ಟಿಸಿದ, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯಿತು. ಹರಿಯುವ ನೀರಿನ ಒತ್ತಡ ಹೆಚ್ಚಾಗಿ ಕೊಳವೆ ಒಡೆಯಬಾರದೆಂದು ದಾರಿಯುದ್ದಕ್ಕೂ ಎತ್ತರದ ಕಲ್ಲಿನ ಗೋಪುರಗಳನ್ನು ಕಟ್ಟಿದರು. ಅವುಗಳನ್ನು ನಾವು ಗಂಜ್ ಎನ್ನುತ್ತೇವೆ. ನೀರು ಮೇಲೇರಿ, ಒತ್ತಡ ಕಳೆದುಕೊಂಡು, ಕಸ ಕೆಳಗೆ ಬಿಟ್ಟು ಮುಂದೆ ಹೋಗುತ್ತಿತ್ತು. ಅವುಗಳಲ್ಲಿ ಕೆಲವು ಈಗಲೂ ಊರಿನಲ್ಲಿ ನಿಂತಿವೆ. ಹೆಚ್ಚಿನವರು ಅವು ಯಾವುದೋ ಕೋಟೆಯ ಚೂರು ಎಂದು ತಿಳಿದಿದ್ದಾರೆ. ಒಂದರ ಮೈಮೇಲೆ ಕೋಚಿಂಗ್ ಕ್ಲಾಸಿನ ಜಾಹೀರಾತು ಅಂಟಿಸಿದ್ದನ್ನು ನಾನೇ ನೋಡಿದ್ದೇನೆ.

ಬಾವಡಿಗಳಂತೂ, ಅಂದರೆ ಮೆಟ್ಟಿಲಿಳಿದು ಹೋಗುವ ದೊಡ್ಡ ಬಾವಿಗಳಂತೂ, ಲೆಕ್ಕವಿಲ್ಲದಷ್ಟು. ಚಾಂದ್ ಬಾವಡಿ ಮೊದಲು, ಒಂದನೆಯ ಅಲಿ ಆದಿಲ್ ಶಾಹನ ಕಾಲದ್ದು. ಆಮೇಲೆ 1620ರಲ್ಲಿ ತಾಜ್ ಬಾವಡಿ, ಎರಡನೆಯ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ. ಮಲಿಕ್ ಸಂದಲ್ ಕಟ್ಟಿಸಿದ್ದು ಎನ್ನುತ್ತಾರೆ, ಇಬ್ರಾಹಿಂ ರೋಜಾ ಕಟ್ಟಿದವನೂ ಅವನೇ. ತಾಜ್ ಬಾವಡಿ ಇನ್ನೂರು ಅಡಿಗೂ ಹೆಚ್ಚು ಅಗಲದ ಚೌಕ. ದೊಡ್ಡ ಕಮಾನಿನ ಕೆಳಗೆ ನಿಂತರೆ ಮೆಟ್ಟಿಲು ಎರಡು ಕಡೆಗೆ ಒಡೆದು ನೀರಿಗೆ ಇಳಿಯುತ್ತವೆ. ಎರಡೂ ಬದಿಯಲ್ಲಿ ದೂರದಿಂದ ಬಂದವರು ತಂಗಲು ಕೋಣೆಗಳಿದ್ದವು. ಒಂದು ಬಾವಿಗೆ ಇಷ್ಟು ಮರ್ಯಾದೆ ಕೊಟ್ಟ ಊರು ಬೇರೆಲ್ಲಿದೆ?

ಆ ಬಾವಿಗೆ ನಾವು ಏನು ಮಾಡಿದೆವು? ಗಣಪತಿ ಮುಳುಗಿಸಿದೆವು, ಪೂಜೆಯ ಹೂವು ಎಸೆದೆವು, ಮನೆಯ ಹಳೆಯ ದೇವರ ಪಟಗಳನ್ನೂ ಎಸೆದೆವು. ನಳದಲ್ಲಿ ನೀರು ಬಂದ ಮೇಲೆ ಬಾವಿ ಯಾರಿಗೂ ಬೇಡವಾಯಿತು. ಕೆಲವು ವರ್ಷಗಳ ಹಿಂದೆ ಇಂಥ ಬಾವಡಿಗಳ ಹೂಳು ತೆಗೆದಾಗ ಲಾರಿಗಟ್ಟಲೆ ಕಸ ಬಂತು. ಅದಾದ ಮೇಲೆ ತಿಳಿನೀರು ಕಂಡಿತು. ಗೋಳಗುಮ್ಮಟವನ್ನು ನಾವು ಬಿಟ್ಟರೂ ಅದು ನಿಲ್ಲುತ್ತದೆ. ಬಾವಡಿ ಹಾಗಲ್ಲ, ಅದನ್ನು ಬಳಸಿದರಷ್ಟೇ ಉಳಿಯುತ್ತದೆ. ನಮ್ಮ ಸಂಸ್ಕೃತಿಗೂ ಕಟ್ಟಡಕ್ಕೂ ಇರುವ ಸಂಬಂಧ ತಿಳಿಯಬೇಕೆಂದರೆ ಬಾವಡಿಯ ಕಡೆ ನೋಡಿ, ಕಮಾನಿನ ಕಡೆಯಲ್ಲ. ನನ್ನ ಕೇಳಿದರೆ ಆ ಕಮಾನಿನ ದುಡ್ಡನ್ನು ನಿಮ್ಮ ಬಡಾವಣೆಯ ಹತ್ತಿರದ ಯಾವುದಾದರೂ ಹಳೆಯ ಬಾವಿಗೆ ಹಾಕಿ.

ಶಹಾಪುರ ಅಗಸಿ

ಅಕ್ಕಾ, ಬಾವಿಯ ಮೇಲೆ ದಾನಿಗಳ ಹೆಸರಿನ ಫಲಕ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಕಮಾನಿನ ಮೇಲೆ ಹಾಕಿದರೆ ಹೋಗುತ್ತಾ ಬರುತ್ತಾ ಎಲ್ಲರಿಗೂ ಕಾಣುತ್ತದೆ. ಸಂಘದ ಕಷ್ಟವನ್ನೂ ತಾವು ಅರ್ಥ ಮಾಡಿಕೊಳ್ಳಬೇಕು.

ಬಾಗಲಕೋಟೆ ಕಿಲ್ಲಾ

ನೀವೆಲ್ಲ ಕಟ್ಟಡ ಇದ್ದವರು, ಅದಕ್ಕೇ ಇಷ್ಟು ಮಾತು. ನಮ್ಮದು ಬೇರೆ ಕಥೆ.

ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ನಮ್ಮ ಹಳೆಯ ಬಾಗಲಕೋಟೆಯ ದೊಡ್ಡ ಭಾಗವನ್ನು ನುಂಗಿತು. ಮನೆಗಳನ್ನು ಅಳತೆ ಮಾಡಿ, ಪರಿಹಾರ ಕೊಟ್ಟು, ಜನರನ್ನು ನವನಗರಕ್ಕೆ ಸಾಗಿಸಿದರು. ಆ ನವನಗರದ ಯೋಜನೆಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಕೈಯಾಡಿಸಿದ್ದರು. ಅಗಲ ರಸ್ತೆ, ಸೆಕ್ಟರ್ ಸಂಖ್ಯೆ, ಗಿಡಮರ, ಎಲ್ಲ ಇದೆ. ಈಗ ಹುಡುಗರು ವಿಳಾಸ ಹೇಳುವಾಗ ಸೆಕ್ಟರ್ ಸಂಖ್ಯೆ ಹೇಳುತ್ತಾರೆ. ನಮ್ಮ ತಂದೆ ಕಿಲ್ಲಾ, ಹೊಸಪೇಟೆ, ಜೈನಪೇಟೆ ಎಂದು ಪೇಟೆಯ ಹೆಸರು ಹೇಳುತ್ತಿದ್ದರು.

ನಮ್ಮ ಮನೆ ಮಣ್ಣಿನ ಮೇಲ್ಮುದ್ದೆಯದು. ಪಡಸಾಲೆ, ನಡುಮನೆ, ಹಗೇವು, ಬೀದಿಗೆ ಚಾಚಿದ ಕಟ್ಟೆ. ಆ ಕಟ್ಟೆಯ ಮೇಲೆ ಕೂತೇ ನಮ್ಮ ಅಜ್ಜಿ ಇಡೀ ಓಣಿಯ ಸುದ್ದಿ ಸಂಗ್ರಹಿಸುತ್ತಿದ್ದರು. ನವನಗರದ ಮನೆಗೆ ಕಾಂಪೌಂಡ್ ಗೋಡೆ ಬಂತು, ಗೇಟು ಬಂತು, ಕಟ್ಟೆ ಹೋಯಿತು. ಅಜ್ಜಿ ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂತರು. ರಸ್ತೆಯಲ್ಲಿ ಹೋಗುವವರು ಕಾಣುತ್ತಿದ್ದರು, ಮಾತಿಗೆ ಸಿಗುತ್ತಿರಲಿಲ್ಲ.

ಈಗ ಮುಖ್ಯ ಮಾತು. ನಮ್ಮ ಹೋಳಿ ನಿಮಗೆಲ್ಲ ಗೊತ್ತು. ಹಲಗೆಯ ಮಜಲು, ಬಣ್ಣದ ಬಂಡಿ, ದಿನಗಟ್ಟಲೆ ನಡೆಯುವ ಓಕುಳಿ. ನವನಗರದ ರಸ್ತೆ ಎಷ್ಟು ಅಗಲವಾಗಿದ್ದರೂ ಹೋಳಿಗೆ ಎಲ್ಲರೂ ಹಳೆಯ ಊರಿಗೇ ಬರುತ್ತಾರೆ. ಕಾರಣ ಕೇಳಿದರೆ ಸಂಪ್ರದಾಯ ಎನ್ನುತ್ತಾರೆ. ನನಗನ್ನಿಸುವ ಕಾರಣ ಬೇರೆ. ಇಕ್ಕಟ್ಟಾದ ಓಣಿಯಲ್ಲಿ ಹಲಗೆ ಬಾರಿಸಿದರೆ ಸದ್ದು ಎರಡೂ ಗೋಡೆಗೆ ಬಡಿದು ಎದೆಗೆ ಬರುತ್ತದೆ. ಮಾಳಿಗೆಯ ಮೇಲಿಂದ ಬಣ್ಣ ಎರಚಿದರೆ ಕೆಳಗಿನವನಿಗೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ಅಗಲ ರಸ್ತೆಯಲ್ಲಿ ಅದೇ ಹಲಗೆ ಸಪ್ಪೆ. ಹಬ್ಬಕ್ಕೂ ಓಣಿಯ ಅಗಲಕ್ಕೂ ಸಂಬಂಧವಿದೆ ಎಂಬುದು ಊರು ಎರಡಾದ ಮೇಲೆ ನಮಗೆ ತಿಳಿಯಿತು. ಸಿಂದಗಿಯ ಅಣ್ಣ ಸಂಸ್ಕೃತಿಗೆ ಕಟ್ಟಡ ಬೇಕಿಲ್ಲ ಎಂದರು. ಗುಮ್ಮಟ ಬೇಕಿಲ್ಲ, ಒಪ್ಪುತ್ತೇನೆ. ಓಣಿ ಬೇಕು, ಕಟ್ಟೆ ಬೇಕು.

ತೊರವಿಯವಳು

ಇದನ್ನು ಓದಿ ಸುಮ್ಮನೆ ಕೂತೆ. ನಮ್ಮ ಹೊಸ ಬಡಾವಣೆಗಳೂ ನವನಗರಗಳೇ. ಮುಳುಗಡೆ ಇಲ್ಲದೆಯೇ ಸ್ಥಳಾಂತರವಾದವರು ನಾವು.

ನಿವೃತ್ತ ಮಾಸ್ತರ

ಬಾಗಲಕೋಟೆಯವರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ವಿಜಯಪುರದಲ್ಲಿ ಗುಮ್ಮಟವಿಲ್ಲದೆ ಬೆಳೆದ ಒಂದು ದೊಡ್ಡ ಕೆಲಸವಿದೆ. ಫ. ಗು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ ವಕೀಲಿಕೆಗೆಂದು ಇಲ್ಲಿಗೆ ಬಂದವರು. ಮನೆಮನೆ ತಿರುಗಿ ವಚನಗಳ ತಾಡೋಲೆ ಕೂಡಿಸಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ, ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಡಿಸಿದರು. ಇಂದು ಕನ್ನಡನಾಡಿನ ಮೂಲೆಮೂಲೆಯಲ್ಲಿ ವಚನ ಓದುವವರು ಗೊತ್ತಿಲ್ಲದೆಯೇ ಈ ಊರಿಗೆ ಋಣಿಗಳು. ಆ ಕೆಲಸ ನಡೆದ ಜಾಗವನ್ನು ತೋರಿಸು ಎಂದು ಟಾಂಗಾದವನನ್ನು ಕೇಳಿ ನೋಡಿ. ಅವನು ನಿಮ್ಮನ್ನು ಮತ್ತೆ ಗೋಳಗುಮ್ಮಟಕ್ಕೇ ಕರೆದುಕೊಂಡು ಹೋಗುತ್ತಾನೆ.

ಇದರಲ್ಲೊಂದು ತಿರುವಿದೆ. ಆದಿಲ್ ಶಾಹಿ ಕಾಲದ ಫಾರ್ಸಿ, ದಖ್ಖನಿ ಗ್ರಂಥಗಳನ್ನು ಸಂಪುಟಗಳಾಗಿ ಕನ್ನಡಕ್ಕೆ ತಂದದ್ದು ಯಾರು ಎಂದುಕೊಂಡಿರಿ? ಇದೇ ಹಳಕಟ್ಟಿಯವರ ಹೆಸರಿನ ಸಂಶೋಧನಾ ಕೇಂದ್ರ. ವಚನದ ಮನೆಯಲ್ಲಿ ಕುಳಿತು ಬಾದಶಹರ ದಫ್ತರವನ್ನು ಕನ್ನಡ ಮಾಡಿದರು. ಓದುಗರೇ, ನಿಮ್ಮ ಬಡಾವಣೆಯ ಹಿರಿಯರಿಗೆ ಇದನ್ನು ದಯವಿಟ್ಟು ತಿಳಿಸಿ. ಗೋರಿ ನಮ್ಮದೋ ಅಲ್ಲವೋ ಎಂಬ ಪ್ರಶ್ನೆಗೆ ಊರಿನ ವಿದ್ವಾಂಸರು ಆಗಲೇ ಕೆಲಸದಲ್ಲಿ ಉತ್ತರ ಕೊಟ್ಟಾಗಿದೆ.

ನೇರ ಮಾತು

ಇದು ನನಗೆ ಹೊಸ ಸಂಗತಿ. ಆ ಸಂಪುಟಗಳು ಎಲ್ಲಿ ಸಿಗುತ್ತವೆ? ಓದಿಯೇ ಜಗಳ ಮುಂದುವರಿಸುತ್ತೇನೆ.

ನಿವೃತ್ತ ಮಾಸ್ತರ

ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಯ ಆವರಣದಲ್ಲಿ ವಿಚಾರಿಸಿ. ದೊಡ್ಡ ಗ್ರಂಥಾಲಯಗಳಲ್ಲೂ ನೋಡಬಹುದು. ಜಗಳಕ್ಕೆ ನಾನು ಸಿದ್ಧ.

ಕೋಟೆಗೋಡೆ ಪಕ್ಕದ ಮನೆ

ನೀವೆಲ್ಲ ದೂರದಿಂದ ಸಂಸ್ಕೃತಿ ಮಾತಾಡುತ್ತೀರಿ. ನಾನು ಕೋಟೆಗೋಡೆಗೆ ಅಂಟಿಕೊಂಡಂತೆ ಬದುಕುತ್ತೇನೆ. 1565ರ ತಾಳಿಕೋಟೆ ಯುದ್ಧದ ಗೆಲುವಿನ ಹೊತ್ತಿಗೆ ಊರ ಸುತ್ತ ಸುಮಾರು ಹತ್ತು ಕಿಲೋಮೀಟರ್ ಗೋಡೆ ಎದ್ದಿತು ಎಂದು ಹೆಮ್ಮೆಯಿಂದ ಹೇಳುತ್ತಾರೆ. ಆ ಹೆಮ್ಮೆಯ ಬೆಲೆ ತೆರುವವರು ನಾವು. ನಮ್ಮದು ಅಜ್ಜನ ಕಾಲದ ಮನೆ. ಹಿಂದಿನ ಗೋಡೆ ಮಳೆಗೆ ಉಬ್ಬಿ ನಿಂತಿದೆ. ಕೆಡವಿ ಕಟ್ಟುವ ಹಾಗಿಲ್ಲ, ಸ್ಮಾರಕದ ಹತ್ತಿರ ಎನ್ನುತ್ತಾರೆ. ಒಂದು ಕಚೇರಿಗೆ ಹೋದರೆ ಇನ್ನೊಂದಕ್ಕೆ ಕಳಿಸುತ್ತಾರೆ. ಅದೇ ಬೀದಿಯ ತುದಿಯಲ್ಲಿ ದುಡ್ಡಿದ್ದವರ ಮೂರು ಅಂತಸ್ತು ಮಾತ್ರ ಹೇಗೋ ಎದ್ದಿತು. ನನ್ನ ಮಕ್ಕಳಿಗೆ ಗುಮ್ಮಟ ಎಂದರೆ ಹೆಮ್ಮೆಯಿಲ್ಲ, ಅದು ಮನೆ ರಿಪೇರಿಗೆ ಅಡ್ಡ ಬಂದ ಕಲ್ಲು. ಇದೂ ಒಂದು ಗುರುತೇ ಅಲ್ಲವೇ?

ಗಾಂಧಿ ಚೌಕದ ಓದುಗ

ಅಣ್ಣಾವರೇ, ಇಷ್ಟು ಹೊತ್ತು ಬಂದ ಎಲ್ಲ ಮಾತುಗಳಿಗಿಂತ ನಿಮ್ಮದು ಭಾರ. ಸ್ಮಾರಕವನ್ನು ಉಳಿಸುವ 'ನಾವು' ಬೇರೆ, ಅದರ ನೆರಳಿನಲ್ಲಿ ಬದುಕುವ 'ಅವರು' ಬೇರೆ ಆಗಿಬಿಟ್ಟರೆ ಆ ಕಟ್ಟಡಕ್ಕೆ ಊರಿನಲ್ಲಿ ನೆಂಟರೇ ಇಲ್ಲದಂತಾಗುತ್ತದೆ. ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ 2014ರಿಂದ ದಖ್ಖನಿನ ಸುಲ್ತಾನರ ಸ್ಮಾರಕಗಳ ಜೊತೆ ನಮ್ಮ ಊರೂ ಇದೆ. ನಾಳೆ ಅದು ಪಕ್ಕಾ ಆದರೆ ನಿಯಮಗಳು ಇನ್ನೂ ಬಿಗಿಯಾಗಬಹುದು. ಅಷ್ಟರೊಳಗೆ ನಿಮ್ಮಂಥವರ ಮನೆಗಳ ಲೆಕ್ಕ ಯಾರಾದರೂ ಹಿಡಿಯಬೇಕು.

ಗೌಂಡಿ ಮನೆತನ

ಕೋಟೆಗೋಡೆಯ ಅಣ್ಣಾ, ಉಬ್ಬಿದ ಗೋಡೆಗೆ ಸಿಮೆಂಟ್ ಗಿಲಾವು ಮಾತ್ರ ಹಚ್ಚಿಸಬೇಡಿ. ಮಣ್ಣಿನ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡಬೇಕು, ಸಿಮೆಂಟ್ ಬಾಯಿ ಮುಚ್ಚುತ್ತದೆ, ತೇವ ಒಳಗೇ ಕೂತು ಗೋಡೆ ಇನ್ನಷ್ಟು ಉಬ್ಬುತ್ತದೆ. ಸದ್ಯಕ್ಕೆ ಮರದ ಆನಿಕೆ ಕೊಡಿಸಿ, ಮಾಳಿಗೆಯ ನೀರು ಆ ಕಡೆ ಇಳಿಯದಂತೆ ದೋಣಿ ತಿರುಗಿಸಿ. ಬಂದು ನೋಡಬೇಕೆಂದರೆ ಸಂದೇಶ ಕಳಿಸಿ. ದುಡ್ಡಿನ ಮಾತು ಆಮೇಲೆ.

ಕಾಗದಪತ್ರದವನು

ಸ್ಮಾರಕದ ಹತ್ತಿರದ ಮನೆಗಳ ಅರ್ಜಿ ಬರೆದುಕೊಡುವ ಕೆಲಸ ನನ್ನದು, ಅದಕ್ಕೇ ಇಷ್ಟು ಹೇಳುತ್ತೇನೆ. ಕಾಯ್ದೆ 1958ರದು, 2010ರಲ್ಲಿ ಬಿಗಿಗೊಳಿಸಿದರು. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದಾಚೆಗೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಪಡೆದು ಕಟ್ಟಬಹುದು. ಆದರೆ 100 ಮೀಟರ್ ಒಳಗಿದ್ದರೂ ಇದ್ದ ಮನೆಯ ದುರಸ್ತಿಗೆ ಅನುಮತಿ ಕೇಳುವ ದಾರಿ ಇದೆ, ಅದನ್ನು ಬಹಳ ಜನರಿಗೆ ಯಾರೂ ಹೇಳುವುದಿಲ್ಲ. ಅರ್ಜಿಯಲ್ಲಿ 'ಪುನರ್ನಿರ್ಮಾಣ' ಎಂದು ಬರೆದರೆ ಅಲ್ಲಿಗೇ ನಿಲ್ಲುತ್ತದೆ. 'ದುರಸ್ತಿ' ಎಂದು ಬರೆದು, ಯಾವ ಗೋಡೆ, ಎಷ್ಟು ಉದ್ದ, ಎಷ್ಟು ಎತ್ತರ ಎಂದು ನಕ್ಷೆಯಲ್ಲಿ ತೋರಿಸಿ, ಈಗಿನ ಸ್ಥಿತಿಯ ಫೋಟೊ ಹಚ್ಚಿ. ಆಸ್ತಿಯ ಉತಾರ, ತೆರಿಗೆ ರಸೀದಿ ಜೊತೆಗಿರಲಿ. ಮಳೆಗಾಲಕ್ಕೆ ಮೊದಲೇ ಕೊಡಿ. ಸ್ವೀಕೃತಿ ಮುದ್ರೆ ಬೀಳದೆ ಕೌಂಟರ್ ಬಿಟ್ಟು ಬರಬೇಡಿ.

ಕೋಟೆಗೋಡೆ ಪಕ್ಕದ ಮನೆ

ಉತಾರ ನನ್ನ ತಂದೆಯ ಹೆಸರಿನಲ್ಲೇ ಇದೆ, ಅವರು ತೀರಿಕೊಂಡು ಬಹಳ ವರ್ಷವಾಯಿತು. ಮೊದಲು ಹೆಸರು ಬದಲಾಯಿಸಬೇಕೇ?

ಕಾಗದಪತ್ರದವನು

ಬದಲಾಯಿಸಿಯೇ ಕೊಡಿ. ವಾರಸಾ ಪತ್ರ, ಮರಣ ಪ್ರಮಾಣಪತ್ರ ಮೊದಲು ತೆಗೆಸಿ. ಅಣ್ಣತಮ್ಮಂದಿರಿದ್ದರೆ ಅವರ ಒಪ್ಪಿಗೆ ಪತ್ರವೂ ಬೇಕಾಗುತ್ತದೆ.